ಮೃಗಯೆಯಲ್ಲಿ ಗಾಳಿಯ ವಿಚಾರ

೧

ಅಮರಸಿಂಹನು ತನ್ನ ನಿಘಂಟಿನ ಪ್ರಥಮಕಾಂಡದಲ್ಲಿ ವಾಯುವಿನ ಹೆಸರುಗಳನ್ನು ಎಣಿಸುವಾಗ ‘ಗಂಧವಹ’ ಎಂಬುದನ್ನೂ ಹೇಳಿರುವನು. ದ್ವಿತೀಯಕಾಂಡದ ಮನುಷ್ಯವರ್ಗದಲ್ಲಿ ಅದೇ ಶಬ್ದವು ಸ್ತ್ರೀಲಿಂಗದಲ್ಲಿ ‘ಗಂಧವಹಾ’ ಎಂದಾಗಿ ಮೂಗಿನ ಹೆಸರುಗಳ ಸಾಲಿನಲ್ಲಿ ನಿಂತಿದೆ. ಅದೇ ಕಾಂಡದ ಸಿಂಹಾದಿವರ್ಗದಲ್ಲಿ ಜಿಂಕೆಯ ಒಂದು ಜಾತಿಗೆ ‘ವಾತಪ್ರಮೀ’, ‘ವಾತಮೃಗ’ ಎಂಬ ಎರಡು ಹೆಸರುಗಳು ಬಂದಿವೆ. ಸಿದ್ಧಾಂತಕೌಮುದಿಯನ್ನು ಓದುವ ವಿದ್ಯಾರ್ಥಿಗಳೆಲ್ಲರೂ ಈಕಾರಾಂತ ಪುಂಲ್ಲಿಂಗಕ್ಕೆ ಉದಾಹರಣೆಯಾಗಿ ‘ವಾತಪ್ರಮೀ’ ಶಬ್ದದ ರೂಪಗಳನ್ನು ಕಂಠಪಾಠ ಮಾಡುವರು. ಗಾಳಿಯನ್ನು ಅಳೆಯುವುದೆಂಬ ವ್ಯುತ್ಪತ್ತಿಯನ್ನೂ ಒಪ್ಪಿಸುವರು. ಆದರೆ ಜಿಂಕೆಯು ಗಾಳಿಯನ್ನು ಏತಕ್ಕೆ ಅಳೆಯಬೇಕು, ಹೇಗೆ ಅಳೆಯುವುದು ಎಂಬ ಪ್ರಶ್ನೆಯು ಪಾಠದಲ್ಲಿ ಏಳುವುದು ಅಪರೂಪ.

ಗಾಳಿಯೂ ಗಂಧವನ್ನು ಹೊರುವುದು, ಮೂಗೂ ಗಂಧವನ್ನು ಹೊರುವುದು. ಇವೆರಡರ ನಡುವೆ ಜಿಂಕೆಯ ಪ್ರಾಣವಿದೆ. ಬೇಟೆಗಾರನ ವಿದ್ಯೆಯೂ ಅಲ್ಲಿಯೇ ಇದೆ. ಕಾವ್ಯಗಳಲ್ಲಿ ಗಂಧವಹನು ಮಲ್ಲಿಗೆಯ ಕಂಪನ್ನೋ ಚಂದನದ ಕಂಪನ್ನೋ ತರುವ ತೆಂಬೆಲರಾಗಿ ಮಾತ್ರ ಪರಿಚಿತನು. ಕಾಡಿನಲ್ಲಿ ಅವನು ಹೊರುವುದು ಮನುಷ್ಯನ ಮೈವಾಸನೆಯನ್ನು. ಈ ಅಂಶವನ್ನು ಬಿಟ್ಟರೆ ಪ್ರಾಚೀನರ ಮೃಗಯೆಯ ಅರ್ಧಭಾಗವು ಅರ್ಥವಾಗದೆ ಉಳಿಯುವುದು. ಈ ವಿಚಾರವು ಹಳೆಯ ಗ್ರಂಥಗಳಲ್ಲಿ ಎಲ್ಲಿ ಮರೆಯಾಗಿದೆ, ಎಲ್ಲಿ ಪ್ರಕಟವಾಗಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಜಿಂಕೆಯ ಜಾತಿಗಳಿಗೆ ಕಣ್ಣು, ಕಿವಿ, ಮೂಗು ಎಂಬ ಮೂರು ಕಾವಲುಗಳುಂಟು. ಬಯಲಿನಲ್ಲಿ ವಾಸಿಸುವ ಕೃಷ್ಣಮೃಗಕ್ಕೆ, ಅಂದರೆ ಉತ್ತರ ಕರ್ನಾಟಕದವರು ಚಿಗರಿ ಎನ್ನುವ ಮೃಗಕ್ಕೆ, ಕಣ್ಣು ಪ್ರಧಾನವಾದುದು. ದಟ್ಟವಾದ ಕಾಡಿನಲ್ಲಿ ಇರುಳು ಮೇಯುವ ಕಡವೆಗೆ ಕಿವಿಯೂ ಮೂಗೂ ಮುಖ್ಯ. ಕಣ್ಣಿಗೆ ಬಿದ್ದುದು ಮನುಷ್ಯನೋ ಮೋಟುಮರವೋ ಎಂದು ಜಿಂಕೆಯು ಸಂದೇಹಪಟ್ಟು ನಿಂತು ನೋಡುವುದುಂಟು. ಕಿವಿಗೆ ಬಿದ್ದ ಸಪ್ಪಳವನ್ನು ಕೇಳಿ ತಲೆಯೆತ್ತಿ ಕಾಯುವುದೂ ಉಂಟು. ಮನುಷ್ಯವಾಸನೆಯು ಮೂಗಿಗೆ ಬಡಿದರೆ ಅಂತಹ ಸಂದೇಹಕ್ಕೆ ಎಡೆಯಿಲ್ಲ. ಕಡವೆಯು ಕಾಲನ್ನು ನೆಲಕ್ಕೆ ಬಡಿದು, ಗಟ್ಟಿಯಾಗಿ ಕೂಗಿ, ಕಾಡಿಗೆಲ್ಲ ಎಚ್ಚರಿಕೆ ಕೊಟ್ಟು ಮರೆಯಾಗುವುದು.

ಆದಕಾರಣ ಹೊಂಚಿ ಕುಳಿತು ಬೇಟೆಯಾಡುವವನಿಗೆ ಕೂರುವ ತಾವನ್ನು ನಿಶ್ಚಯಿಸುವುದೇ ಮೊದಲ ಕೆಲಸ. ಆ ನಿಶ್ಚಯಕ್ಕೆ ಗಾಳಿಯೇ ಪ್ರಮಾಣ. ಮೃಗವು ಬರುವ ದಾರಿಯ ಕಡೆಯಿಂದ ತನ್ನ ಕಡೆಗೆ ಗಾಳಿ ಬೀಸುತ್ತಿರಬೇಕು. ಅದು ಸಾಧ್ಯವಾಗದಿದ್ದರೆ ದಾರಿಗೆ ಅಡ್ಡವಾಗಿಯಾದರೂ ಬೀಸುತ್ತಿರಬೇಕು. ತನ್ನ ಬೆನ್ನಿನಿಂದ ಮೃಗದ ಕಡೆಗೆ ಬೀಸಿದರೆ ಮರೆ ಎಷ್ಟು ದಟ್ಟವಾಗಿದ್ದರೂ ನಿಷ್ಫಲ. ಮರದ ಮೇಲಿನ ಅಟ್ಟಣೆಯು ಕಣ್ಣನ್ನು ವಂಚಿಸುವಷ್ಟು ಸುಲಭವಾಗಿ ಮೂಗನ್ನು ವಂಚಿಸಲಾರದು. ತಾವಿಗೆ ಹೋಗಿ ಸೇರುವಾಗಲೂ ಮೃಗದ ದಾರಿಯನ್ನು ತುಳಿಯದೆ, ಅದರ ಮೇಲುಗಾಳಿಗೆ ಸಿಕ್ಕದೆ ಬಳಸಿಕೊಂಡು ಹೋಗಬೇಕು.

ಇದರಿಂದ ಇನ್ನೊಂದು ಮಾತು ಸಿದ್ಧಿಸುವುದು. ಯಾವ ತಾವೂ ಸ್ವಭಾವತಃ ಒಳ್ಳೆಯದಲ್ಲ, ಸ್ವಭಾವತಃ ಕೆಟ್ಟದ್ದೂ ಅಲ್ಲ. ಆ ದಿನದ ಗಾಳಿಯೇ ಅದರ ಗುಣದೋಷಗಳನ್ನು ನಿರ್ಣಯಿಸುವುದು. ಕನ್ನಡನಾಡಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯು ಬಹುಮಟ್ಟಿಗೆ ನೈಋತ್ಯದಿಂದ ಬೀಸುವುದು. ಆಗ ಮೃಗವು ಬರುವ ದಾರಿಯ ಈಶಾನ್ಯದ ಮಗ್ಗುಲು ಹೊಂಚುವವನಿಗೆ ಯೋಗ್ಯವಾದುದು. ಹಿಂಗಾರಿನಲ್ಲಿ ಗಾಳಿ ಈಶಾನ್ಯಕ್ಕೆ ತಿರುಗಿದ ಬಳಿಕ ಅದೇ ಮಗ್ಗುಲು ಅವನನ್ನು ಹಿಡಿದುಕೊಡುವುದು. ಬೆಟ್ಟದ ಸೀಮೆಯಲ್ಲಿ ಋತುವಿನ ಗಾಳಿಯೊಂದನ್ನೇ ನಂಬಿದರೂ ಸಾಲದು. ಬಿಸಿಲೇರಿ ನೆಲ ಕಾದಂತೆ ಗಾಳಿಯು ಇಳಿಜಾರಿನಲ್ಲಿ ಮೇಲಕ್ಕೆ ಹರಿಯುವುದು. ಸಂಜೆ ತಂಪಾದಂತೆ ಕಣಿವೆಯ ಕಡೆಗೆ ಇಳಿಯುವುದು. ಹಗಲು ಮೃಗದ ದಾರಿಗಿಂತ ಮೇಲೆಯೂ ಇರುಳು ಕೆಳಗೂ ಇರಬೇಕೆಂಬ ನಿಯಮವು ಇದರಿಂದ ಹುಟ್ಟಿತು. ಕೈಯಲ್ಲಿನ ಧೂಳನ್ನೋ ಬೂದಿಯನ್ನೋ ಮೆಲ್ಲಗೆ ಉದುರಿಸಿ ನೋಡುವುದು ಇದಕ್ಕೆ ಸಾಕಾದ ಪರೀಕ್ಷೆ.

೩

ಇಷ್ಟು ಮುಖ್ಯವಾದ ವಿಷಯವು ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಏತಕ್ಕೆ ಕಾಣಿಸದು? ಮೃಗಯೆಯಲ್ಲಿ ಎರಡು ಬಗೆಗಳಿವೆ ಎಂಬುದನ್ನು ಗಮನಿಸಿದರೆ ಉತ್ತರವು ದೊರೆಯುವುದು. ಅಟ್ಟಿಸಿಕೊಂಡು ಹೋಗುವುದು ಒಂದು. ಅಡಗಿ ಕಾಯುವುದು ಇನ್ನೊಂದು. ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಮರೆಯಿಂದ ಹೊಡೆದೆಯೆಂದು ವಾಲಿಯು ಆಕ್ಷೇಪಿಸಿದಾಗ, ಮನುಷ್ಯರು ಬಲೆಗಳಿಂದಲೂ ಪಾಶಗಳಿಂದಲೂ, ಮರೆಯಲ್ಲಿದ್ದೂ ಎದುರಿಗೆ ಕಾಣಿಸಿಕೊಂಡೂ ಮೃಗಗಳನ್ನು ಹಿಡಿಯುವರಲ್ಲವೆ ಎಂದು ಶ್ರೀರಾಮನು ಸಮಾಧಾನ ಹೇಳುವನು. ಆ ಸಮಾಧಾನದ ಧರ್ಮಾಧರ್ಮವಿಚಾರವು ಬೇರೆಯ ಮಾತು. ಪ್ರಚ್ಛನ್ನವಾದ ಬೇಟೆಯು ಆ ಕಾಲದ ಲೋಕವ್ಯವಹಾರದಲ್ಲಿ ಪ್ರಸಿದ್ಧವಾಗಿತ್ತೆಂಬುದು ಮಾತ್ರ ಅದರಿಂದ ಸ್ಪಷ್ಟವಾಗುವುದು.

ಅದೇ ಕಾವ್ಯದಲ್ಲಿ ದಶರಥನು ಯೌವನದಲ್ಲಿ ಸರಯೂತೀರದ ನೀರಿನ ತಾವಿನಲ್ಲಿ ಇರುಳು ಹೊಂಚಿ, ಕೊಡವು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು, ಮುನಿಕುಮಾರನನ್ನು ಕೊಂದ ಕಥೆಯು ಸರ್ವವಿದಿತವಾಗಿದೆ. ಅಡಗಿ ಕಾಯುವ ಬೇಟೆಗೆ ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ದಾರುಣವಾದ ನಿದರ್ಶನವಿಲ್ಲ. ಅಲ್ಲಿ ಅರಸನು ನಂಬಿದುದು ಕಿವಿಯೊಂದನ್ನೇ. ಕಿವಿ ಅವನಿಗೆ ಸುಳ್ಳು ಹೇಳಿತು. ಆ ಕತ್ತಲೆಯಲ್ಲಿ ನೀರಿಗೆ ಬರುವ ಮೃಗಕ್ಕಾದರೆ ಮೂಗಿನ ನೆರವುಂಟು, ಮನುಷ್ಯನಿಗೆ ಅದಿಲ್ಲ. ಕತ್ತಲೆಯ ಬೇಟೆಯಲ್ಲಿ ಬೇಟೆಗಾರನೇ ಮೃಗಕ್ಕಿಂತ ಕುರುಡನೆಂಬ ಅರಿವು ಈ ಕಥೆಯ ಕರುಣೆಗೆ ಒಂದು ಆಧಾರವಾಗಿದೆ.

ಮಹಾಕಾವ್ಯಗಳ ಅರಸರಾದರೋ ಹೆಚ್ಚಾಗಿ ಅಟ್ಟಿಸಿಕೊಂಡು ಹೋಗುವವರು. ಶಾಕುಂತಲದ ಆರಂಭದಲ್ಲಿ ದುಷ್ಯಂತನು ರಥದಲ್ಲಿ ಜಿಂಕೆಯನ್ನು ಬೆನ್ನಟ್ಟುವನು. ಓಡುವ ಮೃಗದ ಹಿಂದೆ ರಥವು ಹಾರುತ್ತಿರುವಾಗ ಗಾಳಿಯ ದಿಕ್ಕಿಗೆ ಪ್ರಸಕ್ತಿಯೇ ಇಲ್ಲ. ವೀರರಸಕ್ಕೂ ಇದೇ ಅನುಕೂಲ. ಅಲುಗಾಡದೆ ಕುಳಿತವನಲ್ಲಿ ವರ್ಣಿಸಲು ಕವಿಗೆ ಏನಿದೆ? ಸಾಹಿತ್ಯದರ್ಪಣಕಾರನು ಮಹಾಕಾವ್ಯದ ವರ್ಣನೀಯವಸ್ತುಗಳಲ್ಲಿ ಮೃಗಯೆಯನ್ನು ಸೇರಿಸಿದನು. ಹೀಗೆ ಲಕ್ಷಣವು ಸ್ಥಿರವಾದಂತೆ ವರ್ಣನೆಯು ಶಾಸ್ತ್ರವನ್ನು ಬಿಟ್ಟು ಸಂಪ್ರದಾಯವನ್ನು ಅನುಸರಿಸಿತು.

ಆದರೂ ಒಂದು ಎಳೆಯು ಕಡಿದುಹೋಗಲಿಲ್ಲ. ೧೯೦೫ರಲ್ಲಿ ಮೈಸೂರಿನಲ್ಲಿ ಬೆಳಕಿಗೆ ಬಂದು ೧೯೦೯ರಲ್ಲಿ ಆರ್. ಶಾಮಾಶಾಸ್ತ್ರಿಗಳಿಂದ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಮೃಗಯೆಯ ಗುಣಗಳನ್ನು ಹೇಳುವೆಡೆ, ದೇಹಶ್ರಮ, ಕಫಪಿತ್ತಮೇದಸ್ಸುಗಳ ನಾಶ, ನಿಂತ ಗುರಿಯನ್ನೂ ಚಲಿಸುವ ಗುರಿಯನ್ನೂ ಹೊಡೆಯುವ ಅಭ್ಯಾಸ ಇವುಗಳ ಜತೆಗೆ ಮೃಗಗಳ ಚಿತ್ತಜ್ಞಾನವೂ ಎಣಿಕೆಯಾಗಿದೆ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯ ಬಾಯಿಂದಲೂ, ರಘುವಂಶದ ಒಂಬತ್ತನೆಯ ಸರ್ಗದಲ್ಲಿಯೂ ಕಾಳಿದಾಸನು ಇದೇ ಅಭಿಪ್ರಾಯವನ್ನು ಹೇಳಿಸಿರುವನು. ಭಯಗೊಂಡ ಮೃಗದ ಇಂಗಿತವನ್ನು ಬಲ್ಲವನು, ಅದು ಏತರಿಂದ ಭಯಗೊಳ್ಳುವುದೆಂಬುದನ್ನೂ ಬಲ್ಲವನೇ ಆಗಬೇಕು. ಇದೇ ಮೃಗಯೆಯನ್ನು ಮನುವು ಕಾಮಜವ್ಯಸನಗಳ ಗಣನೆಯಲ್ಲಿ ಮೊದಲಿಗೆ ಇಟ್ಟಿರುವನೆಂಬುದನ್ನೂ ಮರೆಯಲಾಗದು. ಗುಣವೆಂದವರೂ ವ್ಯಸನವೆಂದವರೂ ಇದೊಂದು ಬಲವಾದ ಆಕರ್ಷಣೆಯುಳ್ಳ ವಿದ್ಯೆಯೆಂಬುದನ್ನು ಒಪ್ಪಿದ್ದರು.

೪

ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆಯಿಸಿದ ಕೀರ್ತಿಯು ಕಲ್ಯಾಣದ ಚಾಲುಕ್ಯರಲ್ಲಿ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನಿಗೆ ಸಲ್ಲುವುದು. ಕ್ರಿ. ಶ. ೧೧೨೯ರ ಸುಮಾರಿಗೆ ಸೇರಿದ ಅವನ ಮಾನಸೋಲ್ಲಾಸವು ಐದು ವಿಂಶತಿಗಳ ಗ್ರಂಥ. ಅದರ ವಿನೋದಭಾಗದಲ್ಲಿ ನಾಯಿಗಳ, ಡೇಗೆಗಳ, ಮೀನುಗಳ ವಿನೋದಗಳ ಜತೆಗೆ ಮೃಗಯಾವಿನೋದವೂ ಒಂದು ಅಧ್ಯಾಯವಾಗಿದೆ. ಕವಿಗಳಂತೆ ಅರಸನ ಶೌರ್ಯವನ್ನು ಮಾತ್ರ ಹೊಗಳದೆ, ಬೇಟೆಯನ್ನು ಉಪಾಯಭೇದದಿಂದ ವಿಂಗಡಿಸಿ ಹೇಳಿರುವುದು ಇದರ ವಿಶೇಷ. ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಅಂತಹ ಉಪಾಯಗಳಲ್ಲಿ ಒಂದು. ಹಾಗೆ ಪಳಗಿಸಿದ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂದು ಹೆಸರು. ದೀವದ ಬೇಟೆಯಲ್ಲಿ ಸಜಾತೀಯವಾದ ಮೃಗವನ್ನು ಕಂಡು ಕಾಡಿನ ಜಿಂಕೆಯ ಕಣ್ಣು ನಂಬುವುದು. ಆ ನಂಬಿಕೆಯನ್ನು ಕೆಡಿಸಲು ಮರೆಯಲ್ಲಿರುವ ಮನುಷ್ಯನ ವಾಸನೆಯ ಒಂದು ಅಲೆ ಸಾಕು. ಪಂಪಭಾರತವೇ ಮೊದಲಾಗಿ ರಾಘವಾಂಕನ ಹರಿಶ್ಚಂದ್ರಕಾವ್ಯದವರೆಗೂ ಬರುವ ಬೇಟೆಯ ಪ್ರಸಂಗಗಳನ್ನು ಪಾಠ ಹೇಳುವಾಗ ಇಂತಹ ಶಬ್ದಗಳಿಗೆ ಪರ್ಯಾಯಪದವನ್ನು ಕೊಟ್ಟು ಮುಂದೆ ಸಾಗುವುದು ಸಾಲದು. ಆ ಶಬ್ದದ ಹಿಂದೆ ಯಾವ ಇಂದ್ರಿಯವನ್ನು ವಂಚಿಸುವ ಯುಕ್ತಿಯಿದೆಯೆಂಬುದನ್ನು ತಿಳಿಸಿದರೆ ಪದ್ಯಕ್ಕೆ ಜೀವ ಬರುವುದು.

ಶಕವರ್ಷ ೮೭೨ರ ಆತಕೂರಿನ ಶಾಸನವು ಇದರ ಇನ್ನೊಂದು ಮುಖವನ್ನು ತೋರಿಸುವುದು. ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಸತ್ತುದಕ್ಕಾಗಿ ನಿಂತ ಕಲ್ಲು ಅದು. ನಾಯಿಯೊಡನೆ ಬೇಟೆಗೆ ಹೋಗುವವನು ತನಗಿಲ್ಲದ ಮೂಗನ್ನು ಇನ್ನೊಂದು ಪ್ರಾಣಿಯಿಂದ ಎರವಲು ಪಡೆಯುವನು. ಅಲ್ಲಿಯೂ ಗಾಳಿಯು ಮೃಗದಿಂದ ನಾಯಿಯ ಕಡೆಗೇ ಬರಬೇಕು. ಎರಡು ಬೇಟೆಗಳಿಗೂ ನಿಯಮವೊಂದೇ: ಮೃಗದ ಗಂಧವು ಇತ್ತ ಬರಲಿ, ಇತ್ತಣ ಗಂಧವು ಅತ್ತ ಹೋಗದಿರಲಿ.

೫

ಗಾಳಿಯ ವಿಚಾರವನ್ನು ಬಾಯಿಬಿಟ್ಟು ಹೇಳಿದ ಸಾಕ್ಷ್ಯವು ದೊರೆಯುವುದು ಅಕ್ಬರನ ಆಸ್ಥಾನದ ಅಬುಲ್ ಫಜಲನು ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ ಐನ್-ಎ-ಅಕ್ಬರಿಯಲ್ಲಿ. ಪಳಗಿಸಿದ ಚೀತಾಗಳಿಂದ ಜಿಂಕೆಯನ್ನು ಹಿಡಿಸುವ ಮೂರು ಕ್ರಮಗಳನ್ನು ಅವನು ವಿವರಿಸಿರುವನು. ಅವುಗಳಲ್ಲಿ ‘ಮುಹಾರಿ’ ಎಂಬ ಕ್ರಮವು ಪ್ರಕೃತಕ್ಕೆ ಬಹಳ ಉಪಯುಕ್ತವಾದುದು. ಗಾಳಿಯು ಚೀತಾದ ಕಡೆಗೆ ಬೀಸುವಂತಹ ತಾವಿನಲ್ಲಿ ಅದನ್ನು ಹೊಂಚಿನಲ್ಲಿ ಕೂರಿಸುವರು. ಬಳಿಕ ಅದು ಬಂದ ಗಾಡಿಯನ್ನು ಎದುರು ದಿಕ್ಕಿಗೆ ಹೊಡೆದುಕೊಂಡು ಹೋಗುವರು. ಜಿಂಕೆಗಳು ಗೊಂದಲಗೊಂಡಿರುವಾಗ ಚೀತಾವು ಹಠಾತ್ತಾಗಿ ಮೇಲೆ ಬೀಳುವುದು. ಇಲ್ಲಿ ಎರಡು ಕಾವಲುಗಳನ್ನು ಎರಡು ಬಗೆಯಾಗಿ ಗೆದ್ದಿರುವರು. ಗಾಡಿಯು ಕಣ್ಣನ್ನು ಬೇರೆಡೆಗೆ ಸೆಳೆಯುವುದು. ಗಾಳಿಯು ಮೂಗಿಗೆ ಸುದ್ದಿಯನ್ನೇ ಮುಟ್ಟಿಸದು. ಕಣ್ಣೇ ಪ್ರಧಾನವಾದ ಬಯಲಿನ ಕೃಷ್ಣಮೃಗದ ಬೇಟೆಯಲ್ಲಿಯೂ ಗಾಳಿಯನ್ನು ಉಪೇಕ್ಷಿಸಲಿಲ್ಲವೆಂಬುದು ಗಮನಾರ್ಹ. ಜಿಂಕೆಯಿಂದ ಜಿಂಕೆಯನ್ನು ಹಿಡಿಯುವ ಕ್ರಮವೂ ಅದೇ ಗ್ರಂಥದಲ್ಲಿ ಬಂದಿದೆ: ಪಳಗಿದ ಜಿಂಕೆಯ ಕೊಂಬಿಗೆ ಬಲೆಯನ್ನು ಕಟ್ಟಿ ಬಿಡುವರು, ಕಾಡಿನ ಜಿಂಕೆಯು ಅದರೊಡನೆ ಕಾದಾಡಿ ಸಿಕ್ಕಿಕೊಳ್ಳುವುದು. ಇದು ದೀವದ ಬೇಟೆಗೆ ಹತ್ತಿರದ ನಂಟು.

ದೂರದ ಸ್ಕಾಟ್ಲೆಂಡಿನ ಜಿಂಕೆಯ ಬೇಟೆಯನ್ನೇ ಕುರಿತು ವಿಲಿಯಂ ಸ್ಕ್ರೋಪ್ ಎಂಬವನು ೧೮೩೮ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯೂ ಗಾಳಿಯ ವಿಚಾರಕ್ಕೆ ದೊಡ್ಡ ಸ್ಥಾನವಿದೆ. ಜಿಂಕೆಯ ಮೂಗು ಎಲ್ಲ ದೇಶಗಳಲ್ಲಿಯೂ ಒಂದೇ ಆದುದರಿಂದ ಬೇಟೆಗಾರರ ವಿದ್ಯೆಯೂ ಒಂದೇ ಆಯಿತೆನ್ನಬೇಕು.

೬

ಮೇಲಣ ವಿವೇಚನೆಯಿಂದ ನಿಘಂಟಿನ ಶಬ್ದಕ್ಕೆ ಹೊಸ ಬೆಳಕು ಬೀಳುವುದು. ‘ವಾತಪ್ರಮೀ’ ಎಂದರೆ ಗಾಳಿಗೆ ಸಮನಾದ ವೇಗವುಳ್ಳದ್ದೆಂದು ಅರ್ಥಮಾಡುವುದು ರೂಢಿಯಲ್ಲಿದೆ. ಅದು ಓಡುವ ಜಿಂಕೆಯನ್ನು ಕಂಡವರ ಅರ್ಥ. ಓಡುವುದಕ್ಕೆ ಮುಂಚೆ ತಲೆಯೆತ್ತಿ, ಮೂಗಿನ ಹೊಳ್ಳೆಗಳನ್ನು ಅರಳಿಸಿ, ಗಾಳಿಗೆ ಮುಖವಿಟ್ಟು ನಿಂತ ಜಿಂಕೆಯನ್ನು ಕಂಡವರಿಗೆ ‘ಗಾಳಿಯನ್ನು ಅಳೆಯುವುದು’ ಎಂಬ ಅವಯವಾರ್ಥವೇ ಸಾಕಾಗಿದೆ. ಎರಡನೆಯ ಅರ್ಥಕ್ಕೆ ವ್ಯಾಕರಣದ ಬಾಧಕವಿಲ್ಲ. ಲೋಕಾನುಭವದ ಬೆಂಬಲವೂ ಇದೆ. ಕನ್ನಡದಲ್ಲಿಯೂ ಗಾಳಿ ಸುಳಿಯುವುದೆನ್ನುವರು. ಇರವಿನ ಗುರುತಿಗೆ ಸುಳಿವು ಎನ್ನುವರು. ಒಂದೇ ಧಾತುವಿನಲ್ಲಿ ಗಾಳಿಯ ಚಲನೆಯೂ ಸುದ್ದಿಯೂ ಕೂಡಿಕೊಂಡಿವೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಭಾರತದಲ್ಲಿ ಇಂತಹ ಬೇಟೆಯು ನಿಷಿದ್ಧವಾಯಿತು. ಅದು ಯುಕ್ತವೂ ಹೌದು. ಆ ಮೊದಲೇ, ೧೯೫೨ರಲ್ಲಿ, ಚೀತಾವು ಈ ದೇಶದಲ್ಲಿ ಅಳಿದುಹೋಯಿತೆಂದು ಸಾರಲಾಗಿತ್ತು. ಕೈಯಲ್ಲಿದ್ದ ವಿದ್ಯೆಯು ಕೈಬಿಟ್ಟಾಗ ಅದರ ಶಬ್ದಗಳು ಮಾತ್ರ ಗ್ರಂಥಗಳಲ್ಲಿ ಉಳಿಯುವುವು. ಅವುಗಳ ಅರ್ಥವನ್ನು ಕಾಪಾಡುವ ಹೊಣೆಯು ಬೇಟೆಗಾರನಿಂದ ಅಧ್ಯಾಪಕನಿಗೆ ವರ್ಗವಾಗುವುದು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯು ಕಣವನ್ನೇ ಕಾಣದವರ ಬಾಯಲ್ಲಿಯೂ ಬದುಕಿದೆ. ರೈತನು ಗಾಳಿಯನ್ನು ನೋಡಿ ನಿಂತ ಬಗೆಯು ಅದರಲ್ಲಿ ಉಳಿದುಬಂದಿದೆ. ಬೇಟೆಗಾರನು ಗಾಳಿಯನ್ನು ನೋಡಿ ಕುಳಿತ ಬಗೆಗೆ ಅಂತಹ ಗಾದೆಯ ಆಸರೆ ದೊರೆಯಲಿಲ್ಲ. ಅದು ಉಳಿದಿರುವುದು ‘ಗಂಧವಹ’, ‘ವಾತಪ್ರಮೀ’, ‘ದೀವ’ ಎಂಬ ಮೂರು ನಾಲ್ಕು ಶಬ್ದಗಳಲ್ಲಿ, ಒಂದೆರಡು ಗ್ರಂಥಗಳ ಕೆಲವು ಪಂಕ್ತಿಗಳಲ್ಲಿ. ಈ ಶಬ್ದಗಳನ್ನು ಪಾಠ ಹೇಳುವಾಗ ರೂಪಗಳೊಡನೆ ಗಾಳಿಯನ್ನೂ ನೆನೆದರೆ, ಅಳಿದ ವಿದ್ಯೆಯೊಂದು ಅರ್ಥದಲ್ಲಾದರೂ ಉಳಿಯುವುದು.