ಸ್ವಂತ, ಲಾವಣಿ, ಸಹಕಾರ: ಆಟದ ಸರ್ವರುಗಳ ಒಂದು ಚರಿತ್ರೆ

ಹೊಲವು ಸ್ವಂತದ್ದೋ ಲಾವಣಿಯದೋ ಎಂಬ ಪ್ರಶ್ನೆಯ ಭಾರವೆಷ್ಟೆಂಬುದನ್ನು, ತುಂಗಭದ್ರೆಗೆ ಬ್ಯಾರೇಜು ಕಟ್ಟಿರುವ ಹಮ್ಮಿಗಿಯ ಸೀಮೆಯವರಿಗೆ, ಮುಂಡರಗಿ ಶಿರಹಟ್ಟಿಗಳ ಹೊಲಗದ್ದೆಗಳ ನಡುವೆ ಬೆಳೆದವರಿಗೆ, ಬಿಡಿಸಿ ಹೇಳಬೇಕಾದುದಿಲ್ಲ. ಪರರ ಭೂಮಿಯಲ್ಲಿ ಬೆವರು ಸುರಿಸಿದವನ ಸುಗ್ಗಿಯು ಧಣಿಯ ಮರ್ಜಿಗೆ ಒಳಪಟ್ಟಿದ್ದ ಕಾಲವೊಂದಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನೇ ಒಡೆಯನೆಂಬ ಮಾತನ್ನು ಕಾನೂನಾಗಿಸಿತು. ಅದಕ್ಕೂ ಏಳು ದಶಕಗಳ ಮೊದಲೇ, 1905ರಲ್ಲಿ, ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿ, ಒಬ್ಬನಿಂದಾಗದ್ದನ್ನು ಹತ್ತು ಮಂದಿ ಕೂಡಿ ಸಾಧಿಸುವ ಮೂರನೆಯ ಮಾರ್ಗವೊಂದನ್ನು ನಾಡಿಗೆ ತೋರಿಸಿಕೊಟ್ಟಿದ್ದರು. ಸ್ವಂತ, ಲಾವಣಿ, ಸಹಕಾರ ಎಂಬ ಈ ಮೂರು ಬಗೆಗಳೂ ಕಳೆದ ನಾಲ್ಕೂವರೆ ದಶಕಗಳಲ್ಲಿ ಮಣ್ಣಿಲ್ಲದ ಬೇರೊಂದು ಭೂಮಿಯಲ್ಲಿ, ಹಲವರು ಕೂಡಿ ಆಡುವ ಕಂಪ್ಯೂಟರ್ ಆಟಗಳ ಸರ್ವರುಗಳಲ್ಲಿ, ಮತ್ತೊಮ್ಮೆ ಕಾಣಿಸಿಕೊಂಡಿವೆ. ಆದರೆ ಆ ಚರಿತ್ರೆಯು ಸಾಗಿರುವುದು ಭೂಸುಧಾರಣೆಗೆ ವಿರುದ್ಧವಾದ ದಿಕ್ಕಿನಲ್ಲಿ, ಒಡೆತನದಿಂದ ಒಕ್ಕಲುತನದ ಕಡೆಗೆ.

ಸರ್ವರು ಅಂಥ ಆಟದ ಮಧ್ಯಸ್ಥ. ಇಬ್ಬರು ಏಕಕಾಲಕ್ಕೆ ಗುಂಡು ಹಾರಿಸಿದಾಗ ಯಾರದು ಮೊದಲು ತಗುಲಿತು, ನಿನ್ನೆ ಕಟ್ಟಿದ ಗೋಡೆಯು ಇಂದು ಎಲ್ಲಿ ನಿಂತಿದೆ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಟ್ಟಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಆದಿಯಲ್ಲಿ ಈ ಮಧ್ಯಸ್ಥನು ವಿದ್ಯಾಸಂಸ್ಥೆಗಳ ಕೃಪೆಯಿಂದ ದೊರೆಯುತ್ತಿದ್ದನು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿಯು ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ, ಚಿತ್ರವಿಲ್ಲದೆ ಅಕ್ಷರಗಳಿಂದಲೇ ನಡೆಯುತ್ತಿದ್ದ ಆಟವು ಅಲ್ಲಿಯ ಪಿಡಿಪಿ-10 ಯಂತ್ರವನ್ನು ಆಶ್ರಯಿಸಿತ್ತು. ಹೊರಗಿನವರು ಆಡಬೇಕಾದರೆ ಯಂತ್ರಕ್ಕೆ ಬೇರೆ ಕೆಲಸವಿಲ್ಲದ ರಾತ್ರಿಯ ಹೊತ್ತಿಗಾಗಿ ಕಾಯಬೇಕಾಗಿತ್ತು. ಮುಂದೆ ಅದೇ ಆಟವು ಕಂಪ್ಯುಸರ್ವ್ ಎಂಬ ಅಮೆರಿಕದ ಜಾಲವನ್ನು ಸೇರಿದಾಗ ಗಂಟೆಯ ಲೆಕ್ಕದಲ್ಲಿ ಹಣ ತೆರುವ ಪದ್ಧತಿಯು ಬಂದಿತು.

ಆಟಗಾರನು ತಾನೇ ಒಡೆಯನಾದುದು 1990ರ ದಶಕದಲ್ಲಿ. 1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಹೊರತಂದ ‘ಡೂಮ್’ ಆಟದಲ್ಲಿ ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ನಾಲ್ವರು ಆಡಬಹುದಾಗಿತ್ತು. ಅಲ್ಲಿ ಮಧ್ಯಸ್ಥನಿರಲಿಲ್ಲ, ಎಲ್ಲ ಯಂತ್ರಗಳೂ ಸಮಾನಸ್ಕಂಧವಾಗಿದ್ದುವು, ಆದುದರಿಂದಲೇ ಎಲ್ಲಕ್ಕಿಂತ ಮಂದವಾದ ಯಂತ್ರದ ನಡಿಗೆಯೇ ಎಲ್ಲರ ನಡಿಗೆಯಾಗುತ್ತಿತ್ತು. 1996ರಲ್ಲಿ ಅದೇ ಸಂಸ್ಥೆಯ ‘ಕ್ವೇಕ್’ ಸರ್ವರನ್ನು ಪ್ರತ್ಯೇಕ ತಂತ್ರಾಂಶವನ್ನಾಗಿ ಬೇರ್ಪಡಿಸಿ ಆಟಗಾರರ ಕೈಗೇ ಒಪ್ಪಿಸಿತು. ಆ ವರ್ಷದ ಕೊನೆಯಲ್ಲಿ ಜಾನ್ ಕಾರ್ಮ್ಯಾಕ್ ಸಿದ್ಧಪಡಿಸಿದ ‘ಕ್ವೇಕ್‌ವರ್ಲ್ಡ್’ ಎಂಬ ಪರಿಷ್ಕೃತ ರೂಪವು ಮೋಡೆಮಿನ ವಿಳಂಬಕ್ಕೂ ಒಂದು ಉಪಾಯವನ್ನು ಕಂಡುಕೊಂಡಿತು: ಗುಂಡಿ ಒತ್ತಿದೊಡನೆ ಆಟಗಾರನ ಕಂಪ್ಯೂಟರು ಸರ್ವರಿನ ಉತ್ತರಕ್ಕೆ ಕಾಯದೆ ಮುಂದಿನ ಹೆಜ್ಜೆಯನ್ನು ತಾನೇ ಊಹಿಸಿ ತೋರಿಸುವುದು, ಉತ್ತರ ಬಂದ ಮೇಲೆ ತಪ್ಪಿದ್ದರೆ ತಿದ್ದಿಕೊಳ್ಳುವುದು. ಹೀಗೆ, ಒಂದು ಯಂತ್ರವೂ ಒಂದು ದೂರವಾಣಿ ತಂತಿಯೂ ಉಳ್ಳವನು ಯಾರ ಅಪ್ಪಣೆಯನ್ನೂ ಬೇಡದೆ ಪರದೇಶದವರನ್ನು ಆಟಕ್ಕೆ ಕರೆಯಬಲ್ಲವನಾದನು.

ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷದ ಜುಲೈಯಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕಾಫಿ ಡೇ ಅಂಗಡಿಯು ಕಾಫಿಯ ಜೊತೆಯಲ್ಲಿ ಇಂಟರ್ನೆಟ್ಟನ್ನೂ ಬಡಿಸತೊಡಗಿತು. 1998ರಲ್ಲಿ ಖಾಸಗಿಯವರಿಗೂ ಈ ಸೇವೆಯ ಬಾಗಿಲು ತೆರೆದ ಮೇಲೆ ಜಿಲ್ಲೆಯ ಊರುಗಳಲ್ಲಿಯೂ ಸೈಬರ್ ಕೆಫೆಗಳು ತಲೆಯೆತ್ತಿದುವು. ಅದೇ ಸಮಯಕ್ಕೆ, 1999ರಲ್ಲಿ, ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ತರುಣರಿಬ್ಬರು ‘ಹಾಫ್-ಲೈಫ್’ ಆಟವನ್ನು ಮಾರ್ಪಡಿಸಿ ರಚಿಸಿದ ‘ಕೌಂಟರ್-ಸ್ಟ್ರೈಕ್’ ಪ್ರಕಟವಾಯಿತು. ಕೆಫೆಗಳಲ್ಲಿ ಆ ಆಟ ನಡೆಯುತ್ತಿದ್ದ ರೀತಿಯೇ ಒಂದು ಪಾಠ. ಗಂಟೆಗಿಷ್ಟೆಂದು ಕೊಟ್ಟು ಕುಳಿತ ಹುಡುಗರಲ್ಲಿ ಒಬ್ಬನು ‘ನ್ಯೂ ಗೇಮ್’ ಒತ್ತಿ ‘ಡಸ್ಟ್ ಟು’ ನಕಾಶೆಯನ್ನು ಆರಿಸಿದನೆಂದರೆ ಅವನ ಕಂಪ್ಯೂಟರೇ ಸರ್ವರು. ಉಳಿದವರು ‘ಲ್ಯಾನ್’ ಎಂಬ ಕೆಫೆಯೊಳಗಿನ ಜಾಲದ ಪಟ್ಟಿಯಲ್ಲಿ ಅವನ ಹೆಸರನ್ನು ಹುಡುಕಿ ಒಳಸೇರುವರು. ಸರ್ವರು ಅವನ ಮಡಿಲಲ್ಲಿಯೇ ಇರುವುದರಿಂದ ಅವನಿಗೆ ಪಿಂಗಿನ, ಎಂದರೆ ಸಂದೇಶವು ಸರ್ವರಿಗೆ ಹೋಗಿ ಬರುವ ವಿಳಂಬದ, ಕಾಟವಿಲ್ಲ, ಮಿಕ್ಕವರು ಅದನ್ನು ಆಡಿತೋರಿಸದೆ ಬಿಡುವವರೂ ಅಲ್ಲ. ಆದರೆ ಅವನ ಗಂಟೆ ಮುಗಿದು ಮಾಲಿಕನು ಎಬ್ಬಿಸಿದನೋ, ಆಟವು ಎಲ್ಲರ ಪಾಲಿಗೂ ಅಲ್ಲಿಗೇ ಮುಗಿಯಿತು. ಈ ಜಗಳವನ್ನು ತಪ್ಪಿಸುವ ದಾರಿ, ಮೂಲೆಯ ಹಳೆಯ ಕಂಪ್ಯೂಟರೊಂದನ್ನು ಯಾರೂ ಆಡದಂತೆ ಬೇರೆ ತೆಗೆದು ‘ಡೆಡಿಕೇಟೆಡ್’ ಸರ್ವರಾಗಿ ಮೀಸಲಿಡುವುದು.

ಬಾಡಿಗೆಯ ವ್ಯಾಪಾರವು ಬೆಳೆದುದು ದೂರದ ನಿಮಿತ್ತದಿಂದ. ಒಂದು ಕೋಣೆಯ ಆಟವು ಊರೂರುಗಳ ನಡುವಣ ಆಟವಾದಾಗ, ಹಗಲಿರುಳೂ ಎಚ್ಚರವಾಗಿರುವ, ದಪ್ಪನೆಯ ತಂತಿಯ ಬುಡದಲ್ಲಿರುವ ಯಂತ್ರವು ಬೇಕಾಯಿತು. ಡೇಟಾ ಸೆಂಟರುಗಳಲ್ಲಿ ಯಂತ್ರಗಳನ್ನಿಟ್ಟು, ಒಂದನ್ನೇ ಹಲವು ಸರ್ವರುಗಳನ್ನಾಗಿ ಒಡೆದು, ‘ಸ್ಲಾಟ್’ ಒಂದಕ್ಕೆ, ಎಂದರೆ ಒಬ್ಬ ಆಟಗಾರನ ಜಾಗಕ್ಕೆ, ತಿಂಗಳಿಗಿಷ್ಟೆಂದು ವಸೂಲು ಮಾಡುವ ಸಂಸ್ಥೆಗಳು ಹುಟ್ಟಿದುವು. ಆ ಯಂತ್ರವು ಎಷ್ಟು ದೂರದಲ್ಲಿದೆಯೆಂಬುದೂ ಮುಖ್ಯ: ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಮ್ಮಿಗಿಯಿಂದ ಸಿಂಗಪುರಕ್ಕೆ ನೇರದಲ್ಲಿ ಸುಮಾರು 3,400 ಕಿಲೋಮೀಟರ್. ತಂತಿಯು ಎಲ್ಲಿಯೂ ಬಳಸದೆ ಹೋದರೂ ಹೋಗಿ ಬರುವುದಕ್ಕೆ 34 ಮಿಲಿಸೆಕೆಂಡು ಬೇಕು, ಬಳಸಿ ಹೋಗುವ ನಿಜದ ತಂತಿಯಲ್ಲಿ ಅದು ಇಮ್ಮಡಿಯಾದೀತು. ಭಾರತದ ಆಟಗಾರರು ಬಹುಕಾಲ ಸಿಂಗಪುರದ ಸರ್ವರುಗಳನ್ನೇ ನೆಚ್ಚಿದ್ದರು. ಮುಂಬಯಿಯಾದರೂ ಚೆನ್ನೈಯಾದರೂ ಹಮ್ಮಿಗಿಗೆ ಐನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹೋಗಿ ಬರುವ ಕನಿಷ್ಠ ವೇಳೆ 6 ಮಿಲಿಸೆಕೆಂಡಿಗೂ ಒಳಗೆ. 2016ರ ಜೂನಿನಲ್ಲಿ ಅಮೆಜಾನ್ ಸಂಸ್ಥೆಯು ಮುಂಬಯಿಯಲ್ಲಿ ತನ್ನ ಯಂತ್ರಾಗಾರಗಳನ್ನು ತೆರೆದ ಮೇಲೆ ಗಂಟೆಯ ಲೆಕ್ಕದಲ್ಲಿಯೂ ಯಂತ್ರವನ್ನು ಸಮೀಪದಲ್ಲಿಯೇ ಬಾಡಿಗೆಗೆ ಹಿಡಿಯುವುದು ಸುಲಭವಾಯಿತು.

ಮನೆಯಲ್ಲಿಯೇ ಸರ್ವರು ಇಡಬಯಸುವವನ ಪಾಡು, ಇದಕ್ಕೆ ಪ್ರತಿಯಾಗಿ, ದಿನೇ ದಿನೇ ಬಿಗಿಯಾಗುತ್ತ ಬಂದಿತು. ಮಾರ್ಕಸ್ ಪೆರ್ಸನ್ 2009ರಲ್ಲಿ ಲೋಕಕ್ಕೆ ತೋರಿಸಿದ ‘ಮೈನ್‌ಕ್ರಾಫ್ಟ್’ ಆಟದ ಸರ್ವರು ಇಂದಿಗೂ ಪುಕ್ಕಟೆಯಾಗಿ ದೊರೆಯುತ್ತದೆ. ಮೊದಲ ಸಲ ನಡೆಸಿದಾಗ ಅದು ಒಪ್ಪಂದದ ಕಡತವೊಂದನ್ನು ಬರೆದಿಟ್ಟು ತಟಕ್ಕನೆ ನಿಂತುಬಿಡುತ್ತದೆ. ಆ ಕಡತದಲ್ಲಿ ‘ಫಾಲ್ಸ್’ ಎಂದಿರುವುದನ್ನು ‘ಟ್ರೂ’ ಎಂದು ತಿದ್ದಿದ ಮೇಲೆಯೇ ಲೋಕಸೃಷ್ಟಿಯು ಮೊದಲಾಗುತ್ತದೆ. ಅನಂತರ ರೌಟರಿನೊಳಹೊಕ್ಕು 25565ನೆಯ ಪೋರ್ಟನ್ನು ತೆರೆಯತಕ್ಕದ್ದು. ಎಡವುವುದು ಇಲ್ಲಿಯೇ. ಏಷ್ಯಾ-ಪೆಸಿಫಿಕ್ ಪ್ರಾಂತ್ಯದಲ್ಲಿ ಇಂಟರ್ನೆಟ್ಟಿನಲ್ಲಿ ಯಂತ್ರಗಳನ್ನು ಗುರುತಿಸುವ ಐಪಿವಿ4 ವಿಳಾಸಗಳ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್ 15ರಂದು ಬರಿದಾಯಿತು. ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಪದ್ಧತಿಯು ಅಲ್ಲಿಂದೀಚೆಗೆ ವ್ಯಾಪಿಸಿತು. ರೌಟರಿನಲ್ಲಿ 100.64ರಿಂದ 100.127ರವರೆಗಿನ ವಿಳಾಸವು ಕಂಡಿತೆಂದರೆ, ಪೋರ್ಟನ್ನು ಎಷ್ಟು ತೆರೆದರೂ ಹೊರಗಿನ ಗೆಳೆಯನಿಗೆ ಬಾಗಿಲು ಕಾಣದು. ಹೆಚ್ಚಿನ ಶುಲ್ಕ ತೆತ್ತು ಸ್ಥಿರವಾದ ವಿಳಾಸವನ್ನು ಕೊಳ್ಳಬೇಕು, ಇಲ್ಲವೆ ‘ಹಮಾಚಿ’ಯಂಥ ಸುರಂಗದ ತಂತ್ರಾಂಶವನ್ನು ಆಶ್ರಯಿಸಬೇಕು. ಮೇಲಾಗಿ ಕರೆಂಟು: 100 ವ್ಯಾಟಿನ ಯಂತ್ರವು ಎಡೆಬಿಡದೆ ನಡೆದರೆ ದಿನಕ್ಕೆ 2.4, ತಿಂಗಳಿಗೆ 72 ಯೂನಿಟ್ಟು. 2023ರ ಗೃಹಜ್ಯೋತಿ ಯೋಜನೆಯು ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪವನ್ನಷ್ಟೇ ಸೇರಿಸಿ ಉಚಿತದ ಮಿತಿಯನ್ನು ಕಟ್ಟುವುದರಿಂದ, ಹೊಸತಾಗಿ ತಂದಿಟ್ಟ ಯಂತ್ರದ ಖರ್ಚು ಬಹುಮಟ್ಟಿಗೆ ಮನೆಯವರ ಬಿಲ್ಲಿನಲ್ಲಿಯೇ ಕಾಣಿಸಿಕೊಳ್ಳುವುದು.

ಇಷ್ಟಾದರೂ ಬಾಡಿಗೆಯವನಿಗೆ ಒಂದು ಸ್ವಾತಂತ್ರ್ಯವುಂಟು: ಒಬ್ಬ ಧಣಿ ಹಿಡಿಸದಿದ್ದರೆ ಗಂಟುಮೂಟೆ ಕಟ್ಟಿ ಇನ್ನೊಬ್ಬನಲ್ಲಿಗೆ ಹೋಗಬಲ್ಲನು. ಕೆಲವು ಪ್ರಕಾಶಕರು ಆ ಸ್ವಾತಂತ್ರ್ಯವನ್ನೂ ಕಿತ್ತುಕೊಂಡರು. 2009ರ ‘ಮಾಡರ್ನ್ ವಾರ್‌ಫೇರ್ 2’ ಸರ್ವರಿನ ತಂತ್ರಾಂಶವನ್ನು ಆಟಗಾರರಿಗೆ ಕೊಡಲೇ ಇಲ್ಲ. ಲಕ್ಷಕ್ಕೂ ಮಿಕ್ಕಿ ಸಹಿಗಳಿದ್ದ ಮನವಿಯೂ ವ್ಯರ್ಥವಾಯಿತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸಂಸ್ಥೆಯು ‘ದ ಕ್ರೂ’ ಆಟದ ಸರ್ವರುಗಳನ್ನು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡಿದ್ದವರ ಪ್ರತಿಗಳೂ ಆ ದಿನವೇ ಕೆಲಸಕ್ಕೆ ಬಾರದಾದುವು. ಕೈಯ ಮೊಬೈಲನ್ನೇ ಕಂಪ್ಯೂಟರಾಗಿ ಪಡೆದ ನಮ್ಮ ಹಳ್ಳಿಯ ಹುಡುಗರು ಈ ಮಾತನ್ನು ಇನ್ನೂ ಹತ್ತಿರದಿಂದ ಬಲ್ಲರು: 2020ರ ಸೆಪ್ಟೆಂಬರ್ 2ರಂದು ಸರಕಾರವು ‘ಪಬ್‌ಜಿ ಮೊಬೈಲ್’ ಆಟವನ್ನು ನಿಷೇಧಿಸಿತು, ಅಕ್ಟೋಬರ್ 30ರಿಂದ ಸರ್ವರುಗಳು ಭಾರತದವರಿಗೆ ಮುಚ್ಚಿದುವು, ಮರುವರ್ಷದ ಜುಲೈಯಲ್ಲಿ ಬೇರೆ ಹೆಸರಿನಿಂದ ಆಟವು ಮರಳಿತು. ನಿಷೇಧವು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಅಪ್ರಕೃತ. ಆ ಹುಡುಗರು ಒಡೆಯರೂ ಆಗಿರಲಿಲ್ಲ, ಒಕ್ಕಲೂ ಆಗಿರಲಿಲ್ಲ, ಹೋಗೆಂದರೆ ಹೋಗಬೇಕಾದ ಅತಿಥಿಗಳಾಗಿದ್ದರು ಎಂಬುದಷ್ಟೇ ಪ್ರಕೃತ.

ಆದುದರಿಂದ ಸ್ವಂತವೋ ಬಾಡಿಗೆಯೋ ಎಂದು ವಾದಿಸುವವರು ಯಂತ್ರವು ಎಲ್ಲಿದೆಯೆಂಬುದಕ್ಕೆ ಕೊಡುವಷ್ಟು ಮಹತ್ತ್ವವನ್ನು ಸರ್ವರಿನ ತಂತ್ರಾಂಶವೂ ಲೋಕದ ಪ್ರತಿಯೂ ಯಾರ ವಶದಲ್ಲಿವೆಯೆಂಬುದಕ್ಕೆ ಕೊಡುವುದಿಲ್ಲ. 1996ರ ‘ಕ್ವೇಕ್’ ಇಂದಿಗೂ ಆಡಲ್ಪಡುತ್ತಿರುವುದು, ಅದರ ಸರ್ವರು ಮೊದಲಿನಿಂದಲೂ ಆಟಗಾರರ ಕೈಯಲ್ಲಿದ್ದು, 1999ರ ಡಿಸೆಂಬರಿನಲ್ಲಿ ಅದರ ಮೂಲಬರಹವೂ ಮುಕ್ತವಾದುದರ ಫಲ. ಇದನ್ನು ಅರಿತ ನಾಲ್ಕಾರು ಗೆಳೆಯರು ಸಹಕಾರದ ಕ್ರಮವನ್ನೇ ಹಿಡಿಯಬಹುದು: ಸರ್ವರಿನ ತಂತ್ರಾಂಶವನ್ನು ಕೊಡುವ ಆಟವನ್ನೇ ಆರಿಸಿಕೊಳ್ಳುವುದು, ತಿಂಗಳ ಬಾಡಿಗೆಯನ್ನು ಸಮನಾಗಿ ಹಂಚಿಕೊಂಡು ಮುಂಬಯಿಯಲ್ಲೊಂದು ಯಂತ್ರವನ್ನು ಹಿಡಿಯುವುದು, ಪಾಸ್‌ವರ್ಡನ್ನು ಒಬ್ಬನಲ್ಲಿಯೇ ಇರಗೊಡದಿರುವುದು, ವಾರಕ್ಕೊಮ್ಮೆ ಲೋಕದ ಕಡತಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಊರಿಗೆ ತಂದಿಡುವುದು. ಬಾಡಿಗೆ ಏರಿದರೆ ಬೇರೆ ಯಂತ್ರ, ಅದೂ ಆಗದಿದ್ದರೆ ಯಾರದಾದರೂ ಮನೆಯ ಹಳೆಯ ಕಂಪ್ಯೂಟರು. ಕಟ್ಟಿದ ಗೋಡೆಗಳು ಮಾತ್ರ ಕಟ್ಟಿದವರ ಹೆಸರಿನಲ್ಲಿಯೇ ಉಳಿಯುವುವು.