ಚುಕ್ಕಿಗಳಿಗೆ ನೆಲೆ ಹುಡುಕಿದ ಕಥೆ

ಅಂಗಳದಲ್ಲಿ ರಂಗೋಲಿ ಇಡುವವರಿಗೆ ಮೊದಲು ಚುಕ್ಕಿ, ಆಮೇಲೆ ಗೆರೆ. ಈ ಕ್ರಮ ತಲೆಕೆಳಗಾದರೆ? ಯಾವ ಚುಕ್ಕಿಗೂ ಯಾವ ಚುಕ್ಕಿಗೂ ನಂಟು ಎಂಬುದು ಮಾತ್ರ ಗೊತ್ತು. ಅವನ್ನು ಎಲ್ಲಿಡಬೇಕೆಂಬುದು ಗೊತ್ತಿಲ್ಲ. ಕನ್ನಡ ಪಾಠ ಹೇಳುವವನಿಗೆ ವಿದ್ಯುಚ್ಛಕ್ತಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ವಿದ್ಯುತ್ ಜಾಲದ ನಕ್ಷೆ ಬರೆಯುವವರನ್ನು ಕಾಡಿದ್ದು ಇದೇ ಪ್ರಶ್ನೆ ಎಂದು ತಿಳಿದಂದಿನಿಂದ ಅದು ನನ್ನನ್ನೂ ಬಿಟ್ಟಿಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು 90 ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಈ ತೊಡಕಿರಲಿಲ್ಲ. ಒಂದು ತುದಿಗೆ ಜಲಪಾತ, ಇನ್ನೊಂದಕ್ಕೆ ಗಣಿ; ನಡುವೆ ಗೆರೆ ಎಳೆದರೆ ನಕ್ಷೆ ಮುಗಿಯಿತು.

ಜಾಲಗಳು ಹೆಣೆದುಕೊಂಡಂತೆ ಲೆಕ್ಕ ಕೈಮೀರಿತು. 1929ರ ಹೊತ್ತಿಗೆ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇಡೀ ಜಾಲದ ಕಿರುರೂಪವನ್ನೇ ಕಟ್ಟಿದರು. ಮೈಲಿಗಟ್ಟಲೆ ತಂತಿಯ ಬದಲು ಪುಟ್ಟ ಸುರುಳಿ. ಎಂಜಿನಿಯರು ಕೈಯಾರೆ ಜೋಡಿಸಿ ಅಳೆಯಬೇಕು. ಜಾಲ ಕಣ್ಣೆದುರಿಗಿತ್ತು. 1950ರ ದಶಕದಲ್ಲಿ ಗಣಕಯಂತ್ರ ಬಂದು ಅದನ್ನು ಸಂಖ್ಯೆಗಳ ಪಟ್ಟಿ ಮಾಡಿತು. ಲೆಕ್ಕ ಚುರುಕಾಯಿತು, ಚಿತ್ರ ಮಾಯವಾಯಿತು. ಅಮೆರಿಕದ ಒಂದು ಸೀಮೆಯ 1962ರ ಜಾಲವನ್ನು ಆಧರಿಸಿದ ಹೆಸರಾಂತ ಮಾದರಿಯಲ್ಲಿ 118 ಚುಕ್ಕಿಗಳಿವೆ. ತಾಳ್ಮೆಯುಳ್ಳವರು ಕೈಯಲ್ಲೇ ಬರೆದಾರು. ಇಂದಿನ ಮಾದರಿಗಳಲ್ಲಿ ಹತ್ತಾರು ಸಾವಿರ!

ದಾರಿ ತೋರಿದವರು ವಿದ್ಯುತ್ತಿನವರಲ್ಲ, ಗಣಿತದವರು. ಅವರಲ್ಲಿ ವಿಲಿಯಂ ಟಟ್ ಎಂಬಾತ ಎರಡನೆಯ ಮಹಾಯುದ್ಧದಲ್ಲಿ ತಾನು ಕಂಡೇ ಇರದ ಜರ್ಮನ್ ಗೂಢಲಿಪಿ ಯಂತ್ರದ ಒಳರಚನೆಯನ್ನು ಅದರ ಸಂದೇಶಗಳಿಂದಲೇ ಬಿಡಿಸಿದವನು. ಕಾಣದ್ದನ್ನು ಕಾಣುವುದು ಅವನಿಗೆ ಹೊಸದೇನಲ್ಲ. 1963ರಲ್ಲಿ ಅವನು ಹೇಳಿದ ಉಪಾಯ ಸರಳ: ಹೊರಅಂಚಿನ ಚುಕ್ಕಿಗಳನ್ನು ನೆಟ್ಟುಬಿಡಿ, ಒಳಗಿನ ಒಂದೊಂದನ್ನೂ ಅದರ ನೆರೆಯವರ ನಟ್ಟನಡುವೆ ಇಡಿ. ಗೆರೆಗಳು ಅಡ್ಡಹಾಯದಂತೆ ಬರೆಯಬಹುದಾದ, ಬಿಗಿಯಾಗಿ ಹೆಣೆದ ಜಾಲವಾದರೆ ಒಂದು ಗೆರೆ ಇನ್ನೊಂದನ್ನು ತುಳಿಯದು. 1984ರಲ್ಲಿ ಪೀಟರ್ ಈಡ್ಸ್ ಗೆರೆಗಳನ್ನೆಲ್ಲ ಸ್ಪ್ರಿಂಗುಗಳೆಂದು ಭಾವಿಸಿದ. ನಂಟಿರುವ ಚುಕ್ಕಿಗಳನ್ನು ಸ್ಪ್ರಿಂಗು ಎಳೆದುಕೊಳ್ಳುತ್ತದೆ, ನಂಟಿಲ್ಲದವು ಒಂದನ್ನೊಂದು ದೂಡುತ್ತವೆ. ಜಗ್ಗಾಟ ಅಡಗಿದಾಗ ಉಳಿದದ್ದೇ ಚಿತ್ರ. ಅವಿಭಕ್ತ ಕುಟುಂಬ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದೊಡ್ಡ ಜಾಲವನ್ನು ಸ್ಪ್ರಿಂಗಿಗೇ ಬಿಟ್ಟರೆ ಬರುವುದು ಸಿಕ್ಕುಬಿದ್ದ ನೂಲುಂಡೆ. ಬಿಡಿಸಿಕೊಂಡರೂ ಇಂದು ಮೇಲಿದ್ದ ಊರು ನಾಳೆ ಕೆಳಗೆ. ಆದ್ದರಿಂದ ಮುಖ್ಯ ಕೇಂದ್ರಗಳನ್ನು ಭೂಪಟದ ಸ್ಥಾನದ ಬಳಿಯೇ ಕಟ್ಟಿ, ಉಳಿದವನ್ನು ಸಡಿಲಬಿಡುವ ರಾಜಿಯೂ ಹುಟ್ಟಿತು. ಚೆಲುವಿಗಿಂತ ಗುರುತು ಮುಖ್ಯವೆಂದೇ ನನ್ನ ಮತ.

2003ರ ಆಗಸ್ಟ್ 14ರಂದು ಅಮೆರಿಕದ ಓಹಿಯೋದಲ್ಲಿ ತಂತಿಗಳು ಒಂದೊಂದಾಗಿ ಕಳಚುತ್ತಿದ್ದಾಗ ಎಚ್ಚರಿಕೆಯ ಗಂಟೆ ಮೂಕವಾಗಿತ್ತು. ನಿಯಂತ್ರಣ ಕೊಠಡಿಯವರಿಗೆ ತಮ್ಮ ಜಾಲದ ಸ್ಥಿತಿಯೇ ತಿಳಿಯಲಿಲ್ಲ. ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು.

ನಮ್ಮ ದಕ್ಷಿಣದ ಜಾಲ ಉಳಿದ ದೇಶದೊಡನೆ ಒಂದೇ ಲಯಕ್ಕೆ ಬಂದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರದ ತಂತಿಯಿಂದ. ಆ ನಕ್ಷೆ ಸಿಕ್ಕಿದಾಗ ನಾನು ಮೊದಲು ಬೆರಳಿಟ್ಟು ಹುಡುಕಿದ್ದು ರಾಯಚೂರಿನ ಚುಕ್ಕಿಯನ್ನೇ.