‘ಯಾಕ್’ ಎಂದರೆ ಯಾಕೆ?

ಮಕ್ಕಳು ಇಂಗ್ಲಿಷ್ ಅಕ್ಷರಮಾಲೆಯನ್ನು ಬಾಯಿಪಾಠ ಮಾಡುತ್ತ ‘ವೈ ಫಾರ್ ಯಾಕ್’ ಎಂದು ಕೂಗಿದರೆ, ಒಳಮನೆಯಿಂದ ಅಜ್ಜಿ ‘ಯಾಕೋ, ಏನಾಯ್ತೋ?’ ಎಂದು ಕೇಳುವುದುಂಟು. ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಯಾಕ್ ಯಾರದು, ನಮಗೂ ಅದಕ್ಕೂ ಏನು ನಂಟು ಎಂದು ವಿಚಾರಿಸಿದರೆ ಸ್ವಾರಸ್ಯವಾದ ಸಂಗತಿಗಳು ಹೊರಡುತ್ತವೆ.

ಯಾಕ್ ಟಿಬೆಟ್ಟಿನ ಮಾತು. ಅಲ್ಲಿಯ ಬರಹದಲ್ಲಿ ಅದರ ಮೊದಲಿಗೆ ಒಂದು ‘ಗ’ಕಾರವಿದೆ; ಲ್ಹಾಸಾದವರ ಉಚ್ಚಾರದಲ್ಲಿ ಅದು ಕೇಳಿಸದು. ಅರ್ಥ ಮಾತ್ರ ಗಂಡು ಪ್ರಾಣಿಯೆಂದೇ. ಹೆಣ್ಣಿಗೆ ‘ಡ್ರಿ’ ಎಂಬ ಬೇರೆ ಹೆಸರಿದೆ. ‘ಯಾಕ್ ಹಾಲು’ ಎಂದರೆ ಟಿಬೆಟ್ಟಿನವರು ನಗುತ್ತಾರೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದ ನಮ್ಮ ಗಾದೆಯ ಹಾಗೆ! 1783ರಲ್ಲಿ ವಾರನ್ ಹೇಸ್ಟಿಂಗ್ಸ್ ಟಿಬೆಟ್ಟಿಗೆ ಕಳುಹಿಸಿದ ಸ್ಯಾಮ್ಯುಯೆಲ್ ಟರ್ನರ್, 1800ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಪ್ರಾಣಿಯನ್ನು ವರ್ಣಿಸಿದ್ದಾನೆ. ಆ ಕಾಲದಲ್ಲೇ ಇಂಗ್ಲಿಷಿಗೆ ಸೇರಿದ ಈ ಗಂಡಿನ ಹೆಸರು ಇಡೀ ಜಾತಿಗೇ ಅಂಟಿಕೊಂಡಿತು.

ಆದರೆ ನಮ್ಮವರಿಗೆ ಈ ಪ್ರಾಣಿ ಹೊಸದಲ್ಲ. ಸಂಸ್ಕೃತದಲ್ಲಿ ಇದು ಚಮರ, ಚಮರಿ. ಕಾಳಿದಾಸನ ‘ಕುಮಾರಸಂಭವ’ದ ಹಿಮಾಲಯ ವರ್ಣನೆಯಲ್ಲಿ ಚಮರಿಗಳು ಬಾಲ ಬೀಸುತ್ತವೆ. ಚಮರಕ್ಕೆ ಸಂಬಂಧಿಸಿದ್ದು ಚಾಮರ. ಹಿಮದ ನಾಡನ್ನು ಬಿಟ್ಟು ನಮ್ಮ ಬಯಲಿಗೆ ಇಳಿಯದ ಪ್ರಾಣಿಯ ಬಾಲದ ಕೂದಲು ಮಾತ್ರ ದಕ್ಷಿಣಕ್ಕೂ ಬಂದು, ಅರಸರ ಪಕ್ಕದಲ್ಲಿಯೂ ದೇವರ ಮುಂದೆಯೂ ಬೀಸಿತು. ಕನ್ನಡದಲ್ಲಿ ಛತ್ರ ಚಾಮರಗಳೆಂಬುದು ಜೋಡಿಮಾತೇ ಆಯಿತು.

ದೆಹಲಿಯ ಬಂಧುಗಳು ಗುರುದ್ವಾರದಲ್ಲಿ ಗ್ರಂಥಸಾಹೇಬದ ಮೇಲೆ ಬೀಸುವ ‘ಚೌರ್’ ನೋಡಿರಬಹುದು. ಪುಣೆ, ಮುಂಬಯಿಯವರು ಮರಾಠಿಯ ‘ಚವರಿ’ ಕೇಳಿರಬಹುದು. ಚೆನ್ನೈಯವರಿಗೆ ‘ಕವರಿ’ ಪರಿಚಿತ. ನಮ್ಮ ತಾಯಂದಿರು ಜಡೆಗೆ ಸೇರಿಸಿ ಹೆಣೆಯುತ್ತಿದ್ದ ‘ಚೌರಿ’ಯೂ ಈ ಬಳಗದ್ದೇ.

1960ರ ಸುಮಾರಿನಲ್ಲಿ ಟಿಬೆಟ್ಟಿನ ನಿರಾಶ್ರಿತರು ಬೈಲಕುಪ್ಪೆಯಲ್ಲಿಯೂ, ಮುಂದೆ ಮುಂಡಗೋಡಿನಲ್ಲಿಯೂ ನೆಲೆಸಿದರು. ಯಾಕನ್ನು ಹಿಂದೆ ಬಿಟ್ಟು ಬಂದರು; ಅದರ ಹೆಸರನ್ನು ನಾಲಗೆಯ ಮೇಲೆ ತಂದರು. ಸಾಕುವ ಪ್ರಾಣಿ ಕಣ್ಣಮುಂದೆ ಇಲ್ಲದಿದ್ದರೂ ಮಾತನ್ನು ಮಕ್ಕಳಿಗೆ ಕಲಿಸಿದರು.

ಊರು ಬಿಟ್ಟು ಬಂದ ನಾವು ಗಮನಿಸಬೇಕಾದದ್ದು ಇದನ್ನೇ. ಮಗುವಿನ ಪುಸ್ತಕದ ಯಾಕ್ ಪುಸ್ತಕದಲ್ಲಿರಲಿ. ಮುಂದಿನ ಸಲ ದೇವಸ್ಥಾನದಲ್ಲಿ ಚಾಮರ ಬೀಸುವಾಗ, ‘ಇಗೋ ನೋಡು, ನಿನ್ನ ಯಾಕಿನ ಹೆಸರು ನಮ್ಮಲ್ಲಿ ಚಮರಿ’ ಎಂದು ತೋರಿಸೋಣ. ಹೇಳದೆ ಹೋದರೆ, ಮನೆಯ ಮಾತು ಯಾಕೆ ಬೇಕೆಂದು ಮುಂದೊಂದು ದಿನ ಮಕ್ಕಳೇ ಕೇಳಿಯಾರು.